ಎಲ್ಲ ಮರುಭೂಮಿ ಬೇಡ, ಥಾರ್ ಒಂದೇ ಸಾಕು

ನಮಸ್ಕಾರ.

ಮರುಭೂಮಿಯ ಪ್ರಾಣಿ, ಸಸ್ಯಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ತಿದ್ದಿ ಬರೆದರೆ ನಾನು ಖಂಡಿತ ಹಾಕಿಕೊಳ್ಳುತ್ತೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಹೋಗಿ ಬಂದದ್ದು ರಾಜಸ್ಥಾನದ ಥಾರ್ ಮರುಭೂಮಿಯ ಜೈಸಲ್ಮೇರಿಗೆ. ಲೇಖನದಲ್ಲಿ ಇರುವುದು ಮಾತ್ರ ಜಗತ್ತಿನ ಎಲ್ಲ ಮರುಭೂಮಿ! ಕೈ ಎತ್ತಿ ನಿಂತ ಸಗ್ವಾರೊ ಕ್ಯಾಕ್ಟಸ್ ಬೆಳೆಯುವುದು ಅಮೆರಿಕ, ಮೆಕ್ಸಿಕೊ ಗಡಿಯ ಸೊನೋರಾದಲ್ಲಿ. ದೊಡ್ಡ ಕಿವಿಯ ಫೆನೆಕ್ ನರಿ ಸಹಾರಾ ಕಡೆಯದು. ಎರಡು ಡುಬ್ಬದ ಒಂಟೆ ಗೋಬಿಯಂಥ ಚಳಿನಾಡಿನದು. ಇವನ್ನೆಲ್ಲ ಒಂದೇ ಮರಳಿನ ಮೇಲೆ ನಿಲ್ಲಿಸಿದರೆ ಓದುವವರಿಗೆ ಯಾವ ಊರೂ ಕಾಣಿಸುವುದಿಲ್ಲ. ಥಾರ್‌ನಲ್ಲಿ ಕ್ಯಾಕ್ಟಸ್ ಕುಟುಂಬದ ಗಿಡ ಮೂಲದಿಂದ ಇಲ್ಲವೇ ಇಲ್ಲ. ಅಲ್ಲಿನ ಕಲ್ಲುಗುಡ್ಡಗಳ ಮೇಲೆ ಬೆಳೆಯುವ ಮುಳ್ಳಿನ ಕಳ್ಳಿ ಬೇರೆ ಕುಟುಂಬದ್ದು. ಮುರಿದರೆ ಬಿಳಿ ಹಾಲು ಬರುತ್ತದೆ.

ಒಂಟೆ ಡುಬ್ಬದಲ್ಲಿ ನೀರು ಇಟ್ಟುಕೊಳ್ಳುತ್ತದೆ ಅಂತಲೂ ಬರೆದಿದ್ದೀರಿ. ಅಲ್ಲಿರುವುದು ಕೊಬ್ಬು. ನೀರು ಉಳಿಸುವ ಬಗೆ ಬೇರೆಯೇ ಇದೆ: ಹಗಲಿನಲ್ಲಿ ಒಂಟೆ ತನ್ನ ಮೈ ಬಿಸಿ ಏರಲು ಬಿಡುತ್ತದೆ, ರಾತ್ರಿ ತಂಪಿಗೆ ಇಳಿಸಿಕೊಳ್ಳುತ್ತದೆ. ಹಾಗಾಗಿ ಬೆವರುವುದು ಕಡಿಮೆ. ನಿಜ ಸಂಗತಿಯೇ ಜಾಸ್ತಿ ಚೆನ್ನಾಗಿದೆ ಅಲ್ವಾ?

ಇನ್ನು ನನಗೆ ನಿಜವಾಗಿ ಇಷ್ಟವಾದ ಜಾಗಕ್ಕೆ ಬರುತ್ತೇನೆ. ನೀವು ಉಳಿದುಕೊಂಡ ಮನೆಯ ಅಜ್ಜಿ ಮಾಳಿಗೆಯ ಮೇಲೆ ‘ಯಾವುದೋ ಕಾಯಿ’ ಒಣಹಾಕಿದ್ದರು ಅಂತ ಒಂದು ಸಾಲು ಇದೆ. ಸಪೂರ, ಉದ್ದ, ಒಣಗಿ ಸುರುಳಿಯಾದ ಕಂದು ಕಾಯಿ. ನೀವು ಹೇಳಿದ್ದನ್ನು ನೋಡಿದರೆ ಅದು ಸಾಂಗ್ರಿಯೇ ಇರಬೇಕು, ಖೇಜ್ರಿ ಮರದ ಎಳೆಗಾಯಿ. ಕೇರ್ ಅನ್ನುವ ಎಲೆಯಿಲ್ಲದ ಪೊದೆಯ ಕಾಯಿ ಜೊತೆ ಸೇರಿಸಿ ಪಲ್ಯ ಮಾಡುತ್ತಾರೆ. ಒಣಗಿಸಿಟ್ಟರೆ ವರ್ಷವಿಡೀ ಬರುತ್ತದೆ. ನೀವು ಆ ಅಜ್ಜಿಯನ್ನು ಅಲ್ಲೇ ಬಿಟ್ಟು ಮರಳುದಿಬ್ಬದ ಸೂರ್ಯಾಸ್ತಕ್ಕೆ ಓಡಿಬಿಟ್ಟಿರಿ. ಒಂದಿಡೀ ಪುಟ ಬರೀ ಸೂರ್ಯಾಸ್ತ. ಅದನ್ನು ತೆಗೆದುಹಾಕಿ, ಮಾಳಿಗೆಗೆ ವಾಪಸ್ ಹೋಗಿ.

ಯಾಕೆಂದರೆ ಇಡೀ ಥಾರ್ ಆ ಮರದ ಸುತ್ತ ಇದೆ. ಮಳೆಗೆ ಮುಂಚೆ, ಉಳಿದದ್ದೆಲ್ಲ ಒಣಗಿ ನಿಂತ ಬಿರುಬೇಸಿಗೆಯಲ್ಲಿ ಖೇಜ್ರಿ ಹೊಸ ಎಲೆ ಬಿಡುತ್ತದೆ. ಬೇರು ತುಂಬಾ ಆಳಕ್ಕೆ ಇಳಿಯುತ್ತದೆ, ಅದಕ್ಕೇ ಇದು ಸಾಧ್ಯ. ರೈತರು ಸಜ್ಜೆ ಹೊಲದ ನಡುವೆ ಇದನ್ನು ಕಡಿಯದೆ ಉಳಿಸಿಕೊಳ್ಳುತ್ತಾರೆ. ಇದು ಬೇಳೆಕಾಳಿನ ಕುಟುಂಬದ ಮರ, ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಸವರಿದ ಎಲೆ ಒಣಗಿಸಿದರೆ ಲೂಂಗ್. ಆಡು, ಒಂಟೆಗಳಿಗೆ ಅದೇ ಮೇವು. ದೊಡ್ಡ ಬರಗಾಲಗಳಲ್ಲಿ ಜನ ಇದರ ತೊಗಟೆಯನ್ನೂ ಪುಡಿ ಮಾಡಿ ತಿಂದಿದ್ದಾರೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅರಸನ ಆಳುಗಳು ಈ ಮರ ಕಡಿಯಲು ಬಂದಾಗ ಅಮೃತಾ ದೇವಿ ಮತ್ತು ಅವರ ಜೊತೆಯ ಬಿಷ್ಣೋಯಿಗಳು ಮರ ತಬ್ಬಿ ನಿಂತರು. 363 ಜನ ಪ್ರಾಣ ಕೊಟ್ಟರು ಅಂತ ಆ ಸಮುದಾಯ ಇಂದಿಗೂ ನೆನೆಯುತ್ತದೆ. ನಿಮ್ಮ ಲೇಖನದಲ್ಲಿ ಈ ಮರದ ಹೆಸರೂ ಇಲ್ಲ, ಅದು ನನಗೆ ಬೇಸರ ತಂದಿತು.

ನೀವು ವಿಜಯಪುರದ ಕಡೆಯವರು ಅಂತ ಬರೆದಿದ್ದೀರಿ. ಖೇಜ್ರಿ ಅಂದರೆ ನಿಮ್ಮ ಬನ್ನಿ ಮರವೇ. ದಸರೆಗೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂತ ಎಲೆ ಹಂಚುತ್ತೀರಲ್ಲ, ಅದೇ ಮರ. ಇದನ್ನು ಲೇಖನದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ನಮ್ಮ ಓದುಗರಿಗೆ ಅಷ್ಟು ಸಾಕು.

ಪ್ರಾಣಿಗಳು ಇಪ್ಪತ್ತು ಬೇಡ, ಎರಡು ಮೂರು ಇಟ್ಟುಕೊಳ್ಳಿ. ಮುಳ್ಳುಬಾಲದ ಹಲ್ಲಿಯನ್ನು, ಅಲ್ಲಿಯವರ ‘ಸಾಂಡಾ’ವನ್ನು, ನೀವು ಹತ್ತಿರದಿಂದ ನೋಡಿದ್ದೀರಿ. ಆದರೆ ‘ವಿಚಿತ್ರ ಪ್ರಾಣಿ’ ಅಂತ ಹೇಳಿ ನಿಲ್ಲಿಸಿದ್ದೀರಿ. ಏನು ವಿಚಿತ್ರ ಹೇಳಿ. ಅದು ಗಿಡಗಂಟಿ ತಿಂದು ಬದುಕುವ ಹಲ್ಲಿ. ಬಿಲದ ಬಾಯಿಯಲ್ಲಿ ಬಿಸಿಲು ಕಾಯುತ್ತದೆ, ಒಳಗೆ ಹೋದ ಮೇಲೆ ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಳ್ಳುತ್ತದೆ. ಬಾಲದ ಬುಡದ ಕೊಬ್ಬಿನಿಂದ ಎಣ್ಣೆ ತೆಗೆದು ಮಾರುವವರು ಇದನ್ನು ಹಿಡಿದು ಕೊಲ್ಲುತ್ತಾರೆ. ಆ ಎಣ್ಣೆ ಔಷಧಿ ಅಂತ ಜನ ಇಟ್ಟ ನಂಬಿಕೆಗೆ ಆಧಾರವಿಲ್ಲ, ಅದನ್ನೂ ನೇರವಾಗಿ ಬರೆಯಿರಿ.

ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಬಗ್ಗೆ ‘ಅಳಿವಿನಂಚಿನಲ್ಲಿದೆ’ ಅಂದರೆ ಸಾಲದು. ಯಾವುದರಿಂದ? ಭಾರವಾದ ಹಕ್ಕಿ ಅದು, ಗಂಡು 15 ಕಿಲೋವರೆಗೂ ತೂಗಬಹುದು. ಹಾರುವಾಗ ನೇರ ಮುಂದಿನದು ಅದಕ್ಕೆ ಚೆನ್ನಾಗಿ ಕಾಣುವುದಿಲ್ಲ. ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ತಂತಿಗಳನ್ನು ನೆಲದಡಿ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಸೋಲಾರ್ ಘಟಕಗಳಿಗಾಗಿ ಖೇಜ್ರಿ ಕಡಿಯುವುದರ ವಿರುದ್ಧ ಬಿಕಾನೇರ್ ಕಡೆ ಜನ ಪ್ರತಿಭಟನೆಗೆ ಕೂತದ್ದೂ ಇದೇ ಕಥೆಯ ಭಾಗ. ಸೌರವಿದ್ಯುತ್ ನಮಗೆ ಬೇಕು, ನಾನೂ ಬೇಡ ಅನ್ನುವವನಲ್ಲ. ಆದರೆ ಈ ಜಾಗಗಳನ್ನು ಕಾಗದದ ಮೇಲೆ ‘ಬಂಜರು ಭೂಮಿ’ ಅಂತ ಗುರುತಿಸಿ ಕೊಟ್ಟುಬಿಡುವುದು ಸುಲಭವಾಗಿದೆ. ನಿಮ್ಮ ಮೊದಲ ಸಾಲು ‘ಜೀವವೇ ಇಲ್ಲದ ಬರಡು ನೆಲ’ ಅಂತ ಶುರುವಾಗುತ್ತದೆ. ಅದನ್ನು ಹೊಡೆದುಹಾಕಿ. ಕುರಿ ಮೇಯುವ ಸೇವಣ್ ಹುಲ್ಲುಗಾವಲನ್ನು, ದೇವರ ಹೆಸರಿನಲ್ಲಿ ಊರವರು ಕಾಯ್ದ ಓರಣ್ ವನಗಳನ್ನು ಬರಡು ಅಂತ ನಾವೂ ಬರೆಯಬಾರದು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅದ್ಭುತ’, ‘ರೋಮಾಂಚಕ’ ತೆಗೆದರೆ ಅರ್ಧ ಕೆಲಸ ಆಗುತ್ತದೆ.

ಅಜ್ಜಿಯ ಮನೆಯವರ ಫೋನ್ ನಂಬರ್ ಇದೆ ಅಂದಿದ್ದೀರಿ. ಕೇಳಿ ನೋಡಿ: ಸಾಂಗ್ರಿ ಯಾವಾಗ ಕೀಳುತ್ತಾರೆ, ಮುಳ್ಳಿನ ಮರ ಹತ್ತುವವರು ಯಾರು, ಈ ವರ್ಷ ಕಾಯಿ ಹೇಗೆ ಬಂದಿದೆ. ಅವರ ಒಪ್ಪಿಗೆ ಇಲ್ಲದೆ ಹೆಸರು ಹಾಕಬೇಡಿ. ಮರದ ಬಗ್ಗೆ ಅನುಮಾನ ಬಂದರೆ ಜೋಧಪುರದ ಕಾಜ್ರಿ (CAZRI) ಸಂಶೋಧನಾ ಸಂಸ್ಥೆಯ ಪ್ರಕಟಣೆಗಳನ್ನು ನೋಡಿ, ಒಣನಾಡಿನ ಮೇಲೆ ಅವರು 1959ರಿಂದ ಕೆಲಸ ಮಾಡುತ್ತಿದ್ದಾರೆ. ಸಾವಿರ ಪದ ಮೀರಬೇಡಿ. ಮುಂದಿನ ತಿಂಗಳ ಕೊನೆಯೊಳಗೆ ಕಳುಹಿಸಿದರೆ ದಸರಾ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.