ಎತ್ತರದ ಹಾದಿಯಲ್ಲಿ ಮಂಜಾದ ಕಣ್ಣು: ಕಣ್ಣಿನ ವೈದ್ಯರಿಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 41 ವರ್ಷ. ಕಳೆದ ಸೆಪ್ಟೆಂಬರಿನಲ್ಲಿ ಲಡಾಖಿನ ಖರ್ದುಂಗ್ ಲಾ ದಾಟಿ ಲೇಹ್ ತಲುಪುವ 72 ಕಿಲೋಮೀಟರ್ ಓಟದಲ್ಲಿ ಭಾಗವಹಿಸಿದ್ದೆ. ನೆತ್ತಿ ದಾಟಿ ಇಳಿಯುತ್ತಿದ್ದಾಗ ಬಲಗಣ್ಣಿನ ಮುಂದೆ ಬಿಳಿಯ ಹಬೆ ಕವಿದಂತಾಯಿತು. ರಸ್ತೆ ಬದಿಯ ಮೈಲಿಗಲ್ಲಿನ ಹಳದಿ ಬಣ್ಣ ಕಾಣುತ್ತಿತ್ತು, ಅಂಕಿ ಮಾತ್ರ ಓದಲಾಗುತ್ತಿರಲಿಲ್ಲ. ಎದುರು ಬಂದ ಲಾರಿಯ ದೀಪದ ಸುತ್ತ ಬಣ್ಣದ ಬಳೆ ಕಂಡಿತು. ನೋವಾಗಲೀ ಕೆಂಪಾಗಲೀ ಇರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಎಲ್ಲವೂ ತಿಳಿಯಾಯಿತು. ಊರಿಗೆ ಬಂದು ತೋರಿಸಿದರೆ ಕಣ್ಣಿನಲ್ಲಿ ಏನೂ ಇಲ್ಲ, ದಣಿವಿನಿಂದ ಹಾಗಾಗಿರಬಹುದು ಎಂದರು. ಎಂಟು ವರ್ಷಗಳ ಹಿಂದೆ, ಕನ್ನಡಕ ಬಿಡಲೆಂದು, ಲೇಸಿಕ್ ಎಂಬ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದೇನೆ. ಇದು ಏನಿರಬಹುದು? ಮತ್ತೆ ಓಡಬಹುದೇ?
— ಓದುಗರು, ಮೈಸೂರು

ಉತ್ತರ: ಮೊದಲಿಗೆ, ದಣಿವು ಎಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ದಣಿದ ಕಾಲು ಎಡವುತ್ತದೆ, ದಣಿದ ಮನಸ್ಸು ಮಂಕಾಗುತ್ತದೆ, ಆದರೆ ದಣಿವು ಒಂದೇ ಕಣ್ಣನ್ನು ಆರಿಸಿಕೊಂಡು ಅದರ ಮುಂದೆ ತೆರೆ ಎಳೆಯುವುದಿಲ್ಲ. ನಿಮ್ಮ ವೈದ್ಯರಿಗೆ ಏನೂ ಕಾಣದಿದ್ದುದು ಸಹಜವೇ, ಏಕೆಂದರೆ ಅವರ ಮುಂದೆ ನೀವು ಕುಳಿತದ್ದು ತೊಂದರೆ ಕಳೆದು ದಿನಗಳಾದ ಮೇಲೆ.

ಕಾಗದವೊಂದನ್ನೇ ಓದಿ ರೋಗನಿರ್ಣಯ ಮಾಡುವುದು ಸರಿಯಲ್ಲವಾದರೂ, ನೀವು ಬರೆದಿರುವ ಪ್ರತಿಯೊಂದು ಲಕ್ಷಣವೂ ಕಾರ್ನಿಯಾದ ಊತದ ಕಡೆಗೆ ಬೆರಳು ತೋರಿಸುತ್ತದೆ. ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪದರ. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ನಮಗೆ ಲೋಕ ತಿಳಿಯಾಗಿ ಕಾಣುತ್ತಿರಲಿಲ್ಲ. ಹೀಗಾಗಿ ಕಣ್ಣು ತೆರೆದಿರುವಾಗ ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ನೇರವಾಗಿ ಗಾಳಿಯಿಂದಲೇ ಕಣ್ಣೀರಿನ ಮೂಲಕ ಪಡೆಯುತ್ತದೆ. ಖರ್ದುಂಗ್ ಲಾ ಇರುವ ಸುಮಾರು 5,360 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಆಮ್ಲಜನಕ ಸಾಲದಾದಾಗ ಕಾರ್ನಿಯಾದಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆ ನೀರನ್ನು ಹೊರಹಾಕಬೇಕಾದ ಒಳಪದರದ ಕೋಶಗಳ ಕೈ ಸೋಲುತ್ತದೆ, ಗಾಜು ಮಂಜಾಗುತ್ತದೆ. ದೀಪದ ಸುತ್ತ ನೀವು ಕಂಡ ಬಳೆ ಇಂತಹ ಊತದ ಗುರುತು.

ಆದರೆ ಎತ್ತರವೊಂದನ್ನೇ ದೂರುವಂತಿಲ್ಲ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್‌ನಂತಹ 160 ಕಿಲೋಮೀಟರ್ ಓಟಗಳಲ್ಲಿ, ಲಡಾಖಿಗಿಂತ ಬಹಳ ತಗ್ಗಿನ ದಾರಿಯಲ್ಲಿಯೂ, ನೋವಿಲ್ಲದೆ ಕಣ್ಣು ಮಂಜಾಗುವ ತೊಂದರೆ ಓಟಗಾರರಿಗೆ ಚೆನ್ನಾಗಿ ಪರಿಚಿತವಾಗಿದ್ದು, ವೈದ್ಯಕೀಯ ಪತ್ರಿಕೆಗಳಲ್ಲಿಯೂ ದಾಖಲಾಗಿದೆ. ಓಟ ನಿಲ್ಲಿಸಿದ ಕೆಲವು ಗಂಟೆಗಳಲ್ಲಿ ಬಹುತೇಕರಿಗೆ ಅದು ತಾನಾಗಿಯೇ ಕಳೆಯುತ್ತದೆ. ಒಮ್ಮೆ ಆದವರಿಗೆ ಮತ್ತೆ ಆಗುವುದುಂಟು. ಲೇಸಿಕ್‌ನಂತಹ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹೆಚ್ಚಾಗಿ ಕಂಡುಬಂದಿದೆ. ಗಂಟೆಗಟ್ಟಲೆ ಬೀಸುವ ಒಣಗಾಳಿ, ಧೂಳು, ಚಳಿ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ನಿಮಗಂತೂ ಇವೆಲ್ಲದರ ಮೇಲೆ ಎತ್ತರವೂ ಸೇರಿಕೊಂಡಿತ್ತು.

ಶಸ್ತ್ರಚಿಕಿತ್ಸೆಯ ಮಾತು ಬಂದಿರುವುದರಿಂದ ಒಂದು ಪ್ರಕರಣವನ್ನು ಹೇಳಲೇಬೇಕು. ಲೇಸಿಕ್ ಬರುವುದಕ್ಕೆ ಮೊದಲು ಸಮೀಪದೃಷ್ಟಿಗೆ ರೇಡಿಯಲ್ ಕೆರಟಾಟಮಿ ಎಂಬ ಚಿಕಿತ್ಸೆಯಿತ್ತು. ಗಾಡಿಚಕ್ರದ ಅರಗಳಂತೆ ಕಾರ್ನಿಯಾದ ಮೇಲೆ ಸೀಳುಗಳನ್ನು ಹಾಕುತ್ತಿದ್ದರು. ಅಮೆರಿಕದ ವೈದ್ಯ ಬೆಕ್ ವೆದರ್ಸ್ ಅದನ್ನು ಮಾಡಿಸಿಕೊಂಡಿದ್ದರು. 1996ರ ಮೇ 10ರಂದು ಎವರೆಸ್ಟ್ ಏರುತ್ತಿದ್ದಾಗ ಸುಮಾರು 8,400 ಮೀಟರಿನಲ್ಲಿ ಅವರಿಗೆ ಮುಂದಿನ ಹೆಜ್ಜೆ ಕಾಣದಾಯಿತು. ಕಡಿಮೆ ಆಮ್ಲಜನಕದಲ್ಲಿ ಆ ಸೀಳುಗಳ ಸುತ್ತ ಊತವಾಗಿ ಕಾರ್ನಿಯಾದ ಆಕಾರವೇ ಬದಲಾಗುತ್ತದೆ. ಮಾರ್ಗದರ್ಶಿಯ ಮಾತಿನಂತೆ ಅಲ್ಲಿಯೇ ಕಾಯುತ್ತ ಉಳಿದ ಅವರು ಸಂಜೆಯ ಹಿಮಬಿರುಗಾಳಿಗೆ ಸಿಕ್ಕಿ, ಸತ್ತರೆಂದು ಸಂಗಡಿಗರು ಬಿಟ್ಟುಹೋದ ಮೇಲೂ ಎದ್ದು ಶಿಬಿರಕ್ಕೆ ನಡೆದು ಬಂದರು. ಲೇಸಿಕ್‌ನಲ್ಲಿ ಇಷ್ಟು ದೊಡ್ಡ ಏರುಪೇರು ಆಗುವುದಿಲ್ಲ. ಎತ್ತರದಲ್ಲಿ ಸ್ವಲ್ಪ ಸಮೀಪದೃಷ್ಟಿ ಮರಳಬಹುದು, ಅಷ್ಟೆ. ಆದರೂ 1980ರ ದಶಕದಲ್ಲಿ ಅಂತಹ ಸೀಳು ಹಾಕಿಸಿಕೊಂಡವರು ನಮ್ಮಲ್ಲಿಯೂ ಇದ್ದಾರೆ. ಅವರು ಹಿಮಾಲಯಕ್ಕೆ ಹೊರಡುವ ಮುನ್ನ ಕಣ್ಣಿನ ವೈದ್ಯರೊಂದಿಗೆ ಮಾತನಾಡಲೇಬೇಕು.

ಇಂತಹ ತೊಂದರೆ ದಾರಿಯಲ್ಲಿಯೇ ಕಂಡಾಗ ಮಾಡಬೇಕಾದ ಮೊದಲ ಕೆಲಸ ತೀರ ಸರಳ. ನಿಂತು, ಒಂದೊಂದಾಗಿ ಎರಡೂ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿ ನೋಡಿ. ಒಂದು ಕಣ್ಣಿಗೆ ಮಾತ್ರ ಇದ್ದರೆ ದೋಷ ಆ ಕಣ್ಣಿನದು; ಎರಡೂ ಕಣ್ಣಿಗೆ ಒಂದೇ ಪಕ್ಕದ ಅರ್ಧ ನೋಟ ಮರೆಯಾಗಿದ್ದರೆ ದೋಷ ಮಿದುಳಿನದು. ಇಡೀ ನೋಟ ಹಾಲುಬಿಳುಪಾಗಿದ್ದರೆ ಕಾರ್ನಿಯಾದ ಊತ ಇರಬಹುದು. ರೆಪ್ಪೆ ಬಡಿದರೂ ಕದಲದೆ ಒಂದೇ ಜಾಗದಲ್ಲಿ ಕಪ್ಪು ಕಲೆ ನಿಂತಿದ್ದರೆ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ರೆಟಿನಾದಲ್ಲಿ, ರಕ್ತಸ್ರಾವ ಆಗಿರುವ ಸಾಧ್ಯತೆಯಿದೆ. ಈ ರಕ್ತಸ್ರಾವ 5,000 ಮೀಟರ್ ದಾಟಿದವರಲ್ಲಿ ಅಪರೂಪವೇನಲ್ಲ. ದೃಷ್ಟಿಯ ಕೇಂದ್ರಬಿಂದುವಿಗೆ ತಾಗದಿದ್ದರೆ ಅದು ತಿಳಿಯುವುದೇ ಇಲ್ಲ, ಹೆಚ್ಚಿನವು ವಾರಗಳಲ್ಲಿ ಕರಗಿಹೋಗುತ್ತವೆ. ಆದರೆ ಕಲೆ ಕಂಡ ಮೇಲೆ ಏರುವುದನ್ನು ಮುಂದುವರಿಸುವಂತಿಲ್ಲ, ಇಳಿಯಬೇಕು. ಮಿನುಗುವ ಅಂಕುಡೊಂಕು ಗೆರೆ ಹರಡುತ್ತ ಹೋಗಿ ಒಂದು ಗಂಟೆಯೊಳಗೆ ಮಾಯವಾದರೆ ಅದು ಬಹುಮಟ್ಟಿಗೆ ಮೈಗ್ರೇನ್. ತಲೆನೋವು ಬಾರದೆಯೂ ಇರಬಹುದು.

ನೀವು ಮತ್ತೆ ಓಡಬಹುದೆಂಬುದು ನನ್ನ ಅಭಿಪ್ರಾಯ, ಆದರೆ ಕಾರ್ನಿಯಾದ ದಪ್ಪವನ್ನೂ ಒಳಪದರದ ಕೋಶಗಳ ಸಂಖ್ಯೆಯನ್ನೂ ಅಳೆಸಿ, ಅಕ್ಷಿಪಟಲವನ್ನು ಹನಿ ಹಾಕಿ ಪರೀಕ್ಷೆ ಮಾಡಿಸಿಕೊಂಡ ಮೇಲೆ. ಆ ಓಟ ನಸುಕಿಗೂ ಮುಂಚೆ ಶುರುವಾಗುವುದರಿಂದ ಕತ್ತಲಲ್ಲಿ ಬಣ್ಣವಿಲ್ಲದ, ಬೆಳಗಾದ ಮೇಲೆ ಕಪ್ಪು ಗಾಜಿನ, ಪಕ್ಕಗಳನ್ನೂ ಮುಚ್ಚುವ ಕನ್ನಡಕ ಧರಿಸಿ. ಕೃತಕ ಕಣ್ಣೀರಿನ ಹನಿಯ ಶೀಶೆಯನ್ನು ಜೇಬಿನಲ್ಲಿಡಿ. ಮತ್ತೆ ಮಂಜು ಕವಿದರೆ ಓಟವನ್ನು ಅಲ್ಲಿಗೇ ಬಿಟ್ಟುಬಿಡಿ. ಒಂದೇ ಕಣ್ಣಿನಲ್ಲಿ ಆಳ ಸರಿಯಾಗಿ ತಿಳಿಯುವುದಿಲ್ಲ, ಆ ಇಳಿಜಾರಿನ ಅಂಚಿನಲ್ಲಿ ತಡೆಗೋಡೆ ಎಲ್ಲ ಕಡೆಯೂ ಇಲ್ಲ.

ಪ್ರಶ್ನೆ: ಉತ್ತರಾಖಂಡದ ಚಾರಣದಲ್ಲಿ ಇಡೀ ದಿನ ಹಿಮದಲ್ಲಿ ನಡೆದೆವು. ಮೋಡ ಕವಿದಿದ್ದರಿಂದ ಕಪ್ಪು ಕನ್ನಡಕ ಹಾಕಿರಲಿಲ್ಲ. ರಾತ್ರಿ ಡೇರೆಯಲ್ಲಿ ಎರಡೂ ಕಣ್ಣಿಗೆ ಮರಳು ಎರಚಿದಂತೆ ಉರಿ, ಕಣ್ಣು ಬಿಡಲಾಗಲಿಲ್ಲ. ಶಾಶ್ವತ ಹಾನಿಯಾಗಿದೆಯೇ?
— ಓದುಗರು, ಹಾಸನ

ಉತ್ತರ: ಇದು ಹಿಮಗುರುಡು, ಅಂದರೆ ಕಾರ್ನಿಯಾದ ಮೇಲ್ಪದರಕ್ಕೆ ಬಿಸಿಲು ಸುಟ್ಟ ಗಾಯ. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣಗಳು ಸುಮಾರು ಶೇಕಡ 10ರಷ್ಟು ಹೆಚ್ಚುತ್ತವೆ, ಹೊಸ ಹಿಮ ಅವುಗಳಲ್ಲಿ ಶೇಕಡ 80ರವರೆಗೂ ಮೇಲಕ್ಕೆ ಎಸೆಯುತ್ತದೆ, ಮೋಡ ಅವುಗಳನ್ನು ಪೂರ್ತಿ ತಡೆಯುವುದಿಲ್ಲ. ಉರಿ ಆರೇಳು ಗಂಟೆ ತಡವಾಗಿ ಬರುವುದರಿಂದಲೇ ಜನ ಮೋಸಹೋಗುತ್ತಾರೆ. ಎರಡು ಮೂರು ದಿನಗಳಲ್ಲಿ ಗುಣವಾಗಿದ್ದರೆ ಶಾಶ್ವತ ಹಾನಿಯ ಭಯ ಬೇಡ. ನೋವು ಮರಗಟ್ಟಿಸುವ ಹನಿಯನ್ನು ಮಾತ್ರ ಯಾರು ಕೊಟ್ಟರೂ ಪದೇಪದೇ ಹಾಕಿಕೊಳ್ಳಬೇಡಿ, ಅದು ಗಾಯ ಮಾಯುವುದನ್ನೇ ತಡೆಯುತ್ತದೆ.

ಪ್ರಶ್ನೆ: ಸುಮಾರು 5,800 ಮೀಟರ್ ಎತ್ತರದಲ್ಲಿ ನನ್ನ ಗೆಳೆಯನಿಗೆ ನಮ್ಮ ಹಗ್ಗದ ಕೊನೆಯಲ್ಲಿ ಇನ್ನೊಬ್ಬ ನಡೆದು ಬರುತ್ತಿರುವಂತೆ ಕಂಡಿತು. ನಾವು ಇದ್ದದ್ದು ಮೂವರೇ. ಕೆಳಗಿಳಿದ ಮೇಲೆ ಅವನು ಎಂದಿನಂತೆ ಇದ್ದಾನೆ. ಇದು ಕಣ್ಣಿನ ದೋಷವೇ, ಮನಸ್ಸಿನ ದೋಷವೇ?
— ಓದುಗರು, ಧಾರವಾಡ

ಉತ್ತರ: 1933ರ ಜೂನ್ 1ರಂದು ಇಂಗ್ಲೆಂಡಿನ ಫ್ರಾಂಕ್ ಸ್ಮೈತ್ ಸಿಲಿಂಡರಿನ ಆಮ್ಲಜನಕವಿಲ್ಲದೆ ಎವರೆಸ್ಟಿನ ಮೇಲೆ ಒಬ್ಬರೇ 8,500 ಮೀಟರ್ ದಾಟಿದ್ದರು. ಜೊತೆಯಲ್ಲಿ ಇನ್ನೊಬ್ಬನಿದ್ದಾನೆಂದು ಅವರಿಗೆ ಎಷ್ಟು ಖಚಿತವಾಗಿತ್ತೆಂದರೆ, ತಿನ್ನಲು ತೆಗೆದ ಪುದೀನ ಮಿಠಾಯಿಯ ಒಂದು ಪಾಲನ್ನು ಅವನಿಗೆ ಕೊಡಲು ತಿರುಗಿದರು. ಇಳಿಯುವಾಗ ಆಕಾಶದಲ್ಲಿ ಎರಡು ಕಪ್ಪು ವಸ್ತುಗಳು ತೇಲುತ್ತ ಮಿಡಿಯುವುದು ಕಂಡಿತು. ತಮ್ಮ ಬುದ್ಧಿ ಸರಿಯಿದೆಯೇ ಎಂದು ಪರೀಕ್ಷಿಸಲು ಅವರು ದೃಷ್ಟಿಯನ್ನು ಬೇರೆಡೆಗೆ ತಿರುಗಿಸಿ ಸುತ್ತಲಿನ ಶಿಖರಗಳ ಹೆಸರನ್ನು ಒಂದೊಂದಾಗಿ ನೆನಪಿಸಿಕೊಂಡರು. ಎಲ್ಲವೂ ಸರಿಯಾಗಿಯೇ ನೆನಪಾದವು. ತಿರುಗಿ ನೋಡಿದರೆ ಆ ವಸ್ತುಗಳು ಅಲ್ಲಿಯೇ ಇದ್ದವು.

ನಿಮ್ಮ ಗೆಳೆಯನಿಗೆ ಕಂಡದ್ದೂ ಆಮ್ಲಜನಕದ ಕೊರತೆಯಲ್ಲಿ ಮಿದುಳು ಕಟ್ಟಿಕೊಂಡ ನೋಟವಿರಬಹುದು; ಅದರಿಂದ ಅವನಿಗೆ ಮನೋರೋಗವಿದೆ ಎಂದಾಗುವುದಿಲ್ಲ. ನನಗೆ ಚಿಂತೆಯಾಗುವುದು ಸ್ಮೈತ್ ಅವರ ಅನುಭವದ ಇನ್ನೊಂದು ಮುಖದಿಂದ: ತನ್ನನ್ನು ತಾನೇ ಪರೀಕ್ಷಿಸಿಕೊಂಡವನು ಪಾಸಾಗಿಯೂ ತಪ್ಪಾಗಿ ನೋಡುತ್ತಿರಬಹುದು. ಮಿದುಳು ಊದಿಕೊಳ್ಳುವ ಪ್ರಾಣಾಂತಿಕ ಸ್ಥಿತಿ ಆರಂಭವಾಗುವುದೂ ಕೆಲವೊಮ್ಮೆ ಹೀಗೆಯೇ. ಆದ್ದರಿಂದ ಪರೀಕ್ಷೆ ಮಾಡಬೇಕಾದವರು ಸಂಗಡಿಗರು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ, ಮಾತು ತೊದಲಿದರೆ, ಉತ್ತರ ಅಸಂಬದ್ಧವಾದರೆ ಬೆಳಗಾಗಲೆಂದು ಕಾಯದೆ, ಆಮ್ಲಜನಕವಿದ್ದರೆ ಕೊಡುತ್ತ, ಒಬ್ಬರು ಕೈ ಹಿಡಿದು ಕೂಡಲೇ ಕೆಳಗಿಳಿಸಬೇಕು. ನಡಿಗೆ ನೇರವಾಗಿದ್ದರೂ ಅಂದು ಅದಕ್ಕಿಂತ ಮೇಲೇರಬಾರದು.

ಕೆಳಗೆ ಬಂದ ಮೇಲೆ ಅಂತಹದೇನೂ ಮತ್ತೆ ಕಂಡಿಲ್ಲವಾದರೆ ಔಷಧದ ಅಗತ್ಯವಿಲ್ಲ. ಮುಂದಿನ ಸಲ ಹೊರಡುವ ಮುನ್ನ ಅವನು ಇದನ್ನು ತಂಡದ ನಾಯಕನಿಗೆ ತಿಳಿಸಲಿ, ನಾಚಿಕೆಯಿಂದ ಮುಚ್ಚಿಡದಿರಲಿ.