ಸಣ್ಣ ಕಾರ್ಖಾನೆಯ ಎಚ್‌ಆರ್ ಕೆಲಸಕ್ಕೆ ಎಐ ಬಳಸಿದರೆ ಹೊರೆ ತಗ್ಗುತ್ತದೆಯೇ?

ಕಾರ್ಮಿಕರು ಮುನ್ನೂರು, ಎಚ್‌ಆರ್‌ನಲ್ಲಿ ಇಬ್ಬರೇ, ಎಐ ತಂದರೆ ಉಸಿರಾಡಲು ಬಿಡುವು ಸಿಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಸಿಗುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಇದೇ ಕೆಲಸದಲ್ಲಿದ್ದೇನೆ. ಪಟ್ಟಿ, ಪತ್ರಗಳ ಕೆಲಸಕ್ಕೆ ಧಾರಾಳವಾಗಿ ಬಳಸಿ, ಮನುಷ್ಯರನ್ನು ಅಳೆಯುವುದಕ್ಕೆ ಬೇಡ.

ಮೊದಲು ಪಾಳಿ ಪಟ್ಟಿ. ಆಷಾಢ ಶುಕ್ರವಾರ ಬಂತೆಂದರೆ ನಮ್ಮಲ್ಲಿ ಅರ್ಧ ಜನಕ್ಕೆ ಚಾಮುಂಡಿ ಬೆಟ್ಟಕ್ಕೆ ಹೋಗಲು ರಜೆ ಬೇಕು. ಸರಕು ಕಳುಹಿಸುವ ಗಡುವೂ ಅದೇ ವಾರ ಬಂದು ಕುಳಿತಿರುತ್ತದೆ. ನಂಜನಗೂಡು ಕಡೆಯವರಿಗೆ ಕಂಪನಿ ಬಸ್ಸು ತಪ್ಪಬಾರದು, ರಾತ್ರಿ ಪಾಳಿ ಮುಗಿಸಿದವರನ್ನು ಮರು ಬೆಳಿಗ್ಗೆಗೆ ಹಾಕುವಂತಿಲ್ಲ, ವಾರಕ್ಕೆ 48 ಗಂಟೆ ದಾಟಿದರೆ ದುಪ್ಪಟ್ಟು ದರದಲ್ಲಿ ಓಟಿ (ಹೆಚ್ಚುವರಿ ದುಡಿಮೆಯ ಕೂಲಿ) ಕೊಡಬೇಕು. ಇದನ್ನೆಲ್ಲ ಬಿಡಿಸಿ ಬರೆದುಕೊಟ್ಟರೆ ಎಐ ಕೆಲವೇ ನಿಮಿಷಗಳಲ್ಲಿ ಎರಡು ಮೂರು ಕರಡು ಪಟ್ಟಿಗಳನ್ನು ಮುಂದಿಡುತ್ತದೆ. ಗಂಟೆಗಳ ಮೊತ್ತವನ್ನು ಎಕ್ಸೆಲ್‌ನಲ್ಲಿ ಮತ್ತೆ ಕೂಡಿಸಿ ನೋಡಿ, ಮಾತಿನಲ್ಲಿ ಜಾಣವಾದ ಯಂತ್ರ ಲೆಕ್ಕದಲ್ಲಿ ಎಡವುವುದುಂಟು. ಆಮೇಲೆ ಸೂಪರ್‌ವೈಸರ್ ಜೊತೆ ಕುಳಿತು ತಿದ್ದಿ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ತಂದೆಗೆ ಡಯಾಲಿಸಿಸ್ ನಡೆಯುತ್ತಿದೆ ಎಂಬುದು ಅವರಿಗೇ ಗೊತ್ತು. ಯಂತ್ರಕ್ಕೆ ಹೆಸರಿನ ಬದಲು ಟೋಕನ್ ಸಂಖ್ಯೆ ಕೊಟ್ಟರೆ ಸಾಕು. ಆಧಾರ್, ಬ್ಯಾಂಕ್ ಖಾತೆ, ಕಾಯಿಲೆಯ ವಿವರ ಅದರೊಳಗೆ ಹೋಗಲೇಬಾರದು.

ನೋಟಿಸು, ಜ್ಞಾಪನಾಪತ್ರ, ಪಿಎಫ್ ಪ್ರಶ್ನೆಗಳ ಉತ್ತರವನ್ನೂ ಬರೆಸಬಹುದು. ಆದರೆ ಕಾನೂನಿನ ಅಂಕಿಯನ್ನು ಇಲಾಖೆಯ ಜಾಲತಾಣದಲ್ಲಿ ನೋಡಿಯೇ ಅಂಟಿಸಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಸೌಲಭ್ಯಕ್ಕೆ ಇರುವ ವೇತನ ಮಿತಿ 2017ರಲ್ಲೇ 15,000ದಿಂದ 21,000 ರೂಪಾಯಿಗೆ ಏರಿದೆ. ಹಳೆಯ ಅಂಕಿ ನೋಟಿಸಿನಲ್ಲಿ ಉಳಿದರೆ ಸೌಲಭ್ಯಕ್ಕೆ ಅರ್ಹರಾದವರೇ ತಮಗೆ ಇಲ್ಲವೆಂದು ಸುಮ್ಮನಾಗುತ್ತಾರೆ.

ಕೆಲಸ ಕೇಳಿ ಬಂದ ಅರ್ಜಿಗಳನ್ನು ಜರಡಿ ಹಿಡಿಯಲು ಮಾತ್ರ ಎಐಗೆ ದಯವಿಟ್ಟು ಬಿಡಬೇಡಿ. ಅಮೆಜಾನ್ ತನ್ನ ಹಳೆಯ ಅರ್ಜಿಗಳನ್ನು ಕೊಟ್ಟು ಕಲಿಸಿದ ಯಂತ್ರ ಹೆಂಗಸರ ಅರ್ಜಿಗಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು. ನಮ್ಮ ಲೇತ್ ವಿಭಾಗದ ಹಳೆಯ ಕಡತಗಳಲ್ಲಿ ಇರುವುದು ಬರೀ ಗಂಡಸರ ಹೆಸರು. ಅದನ್ನೇ ಓದಿ ಕಲಿತ ಯಂತ್ರ ಮಂಡ್ಯದಿಂದ ಐಟಿಐ ಮುಗಿಸಿ ಬಂದ ಹುಡುಗಿಯ ಅರ್ಜಿಯನ್ನು ಯಾವ ಜಾಗದಲ್ಲಿ ಇಟ್ಟೀತು?

ಒಂದು ವಿಭಾಗದಲ್ಲಿ ಒಂದು ತಿಂಗಳು ನಡೆಸಿ ನೋಡಿ. ಪಟ್ಟಿಯನ್ನು ಎಐ ಸಹಾಯದಿಂದ ಮಾಡಿದ್ದೇವೆ ಎಂದು ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೇ ಹಾಕಿ, ಒಪ್ಪಿಗೆಯಾಗದವರು ಬಂದು ಕೇಳಲು ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ.