ಹಳೆಯ ಫುಟ್‌ಬಾಲ್ ಪೆಟ್ಟಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನ ಐಟಿಐ (ಟೆಲಿಫೋನ್ ಕಾರ್ಖಾನೆ), ಎಚ್‌ಎಎಲ್ (ವಿಮಾನ ಕಾರ್ಖಾನೆ), ಎಂಇಜಿ (ಸೇನೆಯ ಎಂಜಿನಿಯರ್ ದಳ) ತಂಡಗಳ ಪಂದ್ಯ ನೋಡಲು ಡ್ಯೂಟಿ ಮುಗಿಸಿಕೊಂಡು ನೇರ ಮೈದಾನಕ್ಕೆ ಹೋಗುತ್ತಿದ್ದ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರು ಕೂಡಿಟ್ಟ ಪತ್ರಿಕಾ ತುಣುಕು, ಫೋಟೊ, ಕ್ಯಾಸೆಟ್ಟುಗಳು ಮಕ್ಕಳ ಕೈಗೆ ಬಂದಿವೆ. ಇವನ್ನು ಏನು ಮಾಡಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ತಂದೆಯವರು ಐಟಿಐ ಉದ್ಯೋಗಿ. 1970ರ ದಶಕದ ಪಂದ್ಯಗಳ ವರದಿಗಳನ್ನು ಕತ್ತರಿಸಿ ಒಂದು ದಪ್ಪ ಲೆಡ್ಜರ್ ಪುಸ್ತಕಕ್ಕೆ ಅಂಟಿಸಿದ್ದಾರೆ. ಈಗ ಅಂಚುಗಳು ಪುಡಿಯಾಗಿ ಉದುರುತ್ತಿವೆ. ಒಂದೊಂದನ್ನೇ ಬಿಡಿಸಿ ಲ್ಯಾಮಿನೇಷನ್ ಮಾಡಿಸಲೆ?
— ಓದುಗರು, ದೂರವಾಣಿ ನಗರ

ಉತ್ತರ: ಬಿಡಿಸಲೂ ಬೇಡಿ, ಲ್ಯಾಮಿನೇಷನ್ನೂ ಬೇಡಿ. ಪತ್ರಿಕೆಯ ಕಾಗದವನ್ನು ಅಗ್ಗದ ಮರದ ತಿರುಳಿನಿಂದ ಮಾಡುತ್ತಾರೆ. ಅದರಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿಗೆ ಹಳದಿಯಾಗುತ್ತದೆ, ಕಾಗದದೊಳಗೇ ಆಮ್ಲ ಹುಟ್ಟುತ್ತದೆ. ಬಿಸಿ ಪ್ಲಾಸ್ಟಿಕ್ಕಿನ ಎರಡು ಪದರದ ನಡುವೆ ಸೇರಿಸಿದರೆ ಆ ಆಮ್ಲವನ್ನೂ ಒಳಗೇ ಮುಚ್ಚಿದಂತಾಯಿತು. ಮುಂದೆ ಪ್ಲಾಸ್ಟಿಕ್ ಬಿಡಿಸಬೇಕೆಂದರೆ ಅಕ್ಷರಗಳೂ ಜೊತೆಗೇ ಕಿತ್ತು ಬರುತ್ತವೆ.

ಪುಸ್ತಕವನ್ನು ಇದ್ದ ಹಾಗೇ ಇಟ್ಟು ಮೊದಲು ಪ್ರತಿ ಪುಟದ ಫೋಟೊ ತೆಗೆಯಿರಿ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಜಾಗದಲ್ಲಿ ಪುಸ್ತಕ ಬಿಡಿಸಿಟ್ಟು, ಮೊಬೈಲನ್ನು ಪುಟಕ್ಕೆ ಸಮಾನಾಂತರವಾಗಿ ಹಿಡಿದರೆ ಸಾಕು, ಫ್ಲ್ಯಾಶ್ ಬೇಡ. ಸ್ಕ್ಯಾನ್ ಮಾಡುವ ಆ್ಯಪ್‌ಗಳು ತಾವಾಗಿಯೇ ಕಪ್ಪು-ಬಿಳುಪು ಮಾಡಿ ಪೆನ್ಸಿಲ್ ಬರಹವನ್ನು ಅಳಿಸಿಬಿಡುತ್ತವೆ, ಆ ಆಯ್ಕೆಯನ್ನು ಮೊದಲೇ ತೆಗೆದುಹಾಕಿ. ಸ್ಕ್ಯಾನರ್ ಇದ್ದರೆ ಬರಹಕ್ಕೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ), ಚಿತ್ರಗಳಿಗೆ 600. ಆದರೆ ದಪ್ಪ ಲೆಡ್ಜರನ್ನು ಗಾಜಿನ ಮೇಲೆ ಮಗುಚಿ ಒತ್ತಿದರೆ ಬೆನ್ನು ಬಿರಿಯುತ್ತದೆ. ಅಂಥದಕ್ಕೆ ಮೊಬೈಲೇ ವಾಸಿ.

ಮೈದಾ ಅಂಟು ಹಾಕಿದ್ದರೆ ಅದು ನೀರಿಗೆ ಬಿಡುತ್ತದೆ, ನಿಜ. ಆದರೆ ನೆನೆದ ಪತ್ರಿಕಾ ಕಾಗದ ಬೆರಳಿಗೆ ಮುದ್ದೆಯಾಗಿ ಬರುತ್ತದೆ, ಆ ಪ್ರಯೋಗ ಮನೆಯಲ್ಲಿ ಬೇಡ. ಮೈದಾ ಅಂಟಿನ ವಾಸನೆಗೆ ಜಿರಳೆ, ಸಿಲ್ವರ್‌ಫಿಶ್ ಹುಳು ಬರುತ್ತವೆ ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳಿ. ಬಿಳಿ ಫೆವಿಕಾಲ್ ಜಾತಿಯ ಅಂಟು ಒಣಗಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ, ಅದನ್ನು ಮುಟ್ಟಲೇಬೇಡಿ. ಸೆಲೋ ಟೇಪ್ ಕಂದು ಬಣ್ಣಕ್ಕೆ ತಿರುಗಿ ತಾನಾಗಿಯೇ ಎದ್ದಿದ್ದರೆ ಎತ್ತಿ ತೆಗೆಯಿರಿ, ಹಿಡಿದುಕೊಂಡಿದ್ದರೆ ಬಿಡಿ.

ಪುಟಗಳ ನಡುವೆ ಆಮ್ಲರಹಿತ ತೆಳು ಕಾಗದ ಹಾಕಿ. ಚಿತ್ರಕಲೆಯ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ಪಿವಿಸಿ ಕವರ್ ಬೇಡ, ಕೆಲವೇ ವರ್ಷಗಳಲ್ಲಿ ಶಾಯಿಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಕವರ್ ಆದೀತು. ಪುಸ್ತಕವನ್ನು ನೆಲಕ್ಕಾಗಲಿ ಹೊರಗೋಡೆಗಾಗಲಿ ತಾಗದಂತೆ ಮಲಗಿಸಿಡಿ. ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು 100 ಗ್ರಾಂನಷ್ಟು ಇಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ಹುಳು ಕಂಡರೆ ಪುಸ್ತಕವನ್ನು ಎರಡು ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಅವಸರಪಟ್ಟು ಬಿಚ್ಚಿದರೆ ಕಾಗದದ ಮೇಲೆಯೇ ಇಬ್ಬನಿ ಕೂರುತ್ತದೆ.

ಇನ್ನೊಂದು ಮಾತು. ಅಂಟಿಸದೆ ಸಡಿಲವಾಗಿ ಸಿಕ್ಕಿಸಿರುವ ತುಣುಕುಗಳಿದ್ದರೆ ಹಿಂಬದಿಯನ್ನೂ ಫೋಟೊ ತೆಗೆಯಿರಿ. ಕತ್ತರಿಸುವಾಗ ತಾರೀಖು ಹೋಗಿರುತ್ತದೆ. ಹಿಂದುಗಡೆ ಅರ್ಧ ಉಳಿದ ಸಿನಿಮಾ ಜಾಹೀರಾತೋ ಟೆಂಡರ್ ಪ್ರಕಟಣೆಯೋ ಆ ವಾರವನ್ನು ಹೇಳಿಬಿಡುತ್ತದೆ.

ಪ್ರಶ್ನೆ: ಅಜ್ಜನ ಹಳೆಯ ಕಪ್ಪು-ಬಿಳುಪು ಗುಂಪು ಫೋಟೊ ಇದೆ. ಹನ್ನೊಂದು ಆಟಗಾರರು, ಮುಂದೆ ಮೂರು ಕಪ್ಪು (ಟ್ರೋಫಿ), ಒಂದು ಚೆಂಡು. ಇಸವಿ ಇಲ್ಲ. 1946ರ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿ) ತಂಡ ಎಂದು ಮನೆಯಲ್ಲಿ ಹೇಳುತ್ತಾರೆ. ಖಚಿತಪಡಿಸಿಕೊಳ್ಳುವುದು ಹೇಗೆ?
— ಓದುಗರು, ಆಸ್ಟಿನ್ ಟೌನ್

ಉತ್ತರ: ಮೊದಲು ಅಕ್ಷರ ಹುಡುಕಿ: ಜೆರ್ಸಿಯ ಮೇಲೆ, ಹಲಗೆಯ ಮೇಲೆ, ಫೋಟೊ ಅಂಟಿಸಿದ ರಟ್ಟಿನ ಮೇಲೆ, ಹಿಂಬದಿಯ ಸ್ಟುಡಿಯೊ ಮುದ್ರೆಯಲ್ಲಿ. ಮುದ್ರೆಯಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 15 ಆಗಸ್ಟ್ 1972ರ ನಂತರದ್ದು, ಅದಕ್ಕೆ ಮುಂಚೆ ಪಿನ್ ಇರಲೇ ಇಲ್ಲ. ‘ಹಿಂದೂಸ್ತಾನ್ ಏರ್‌ಕ್ರಾಫ್ಟ್’ ಎಂದಿದ್ದರೆ 1964ಕ್ಕೆ ಹಿಂದಿನದು, ಆ ವರ್ಷದ ಅಕ್ಟೋಬರಿನಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ರಾಜ್ಯದ ಹೆಸರು ಮೈಸೂರು ಎಂದಿದ್ದರೆ 1 ನವೆಂಬರ್ 1973ಕ್ಕೆ ಮುಂಚೆ.

ಇವುಗಳಲ್ಲಿ ಎಲ್ಲಕ್ಕೂ ಒಂದೇ ತೂಕವಿಲ್ಲ. ಹೊಸದು ಕಂಡರೆ ನಂಬಬಹುದು, ಏಕೆಂದರೆ ಇನ್ನೂ ಹುಟ್ಟದ ಪಿನ್ ಕೋಡನ್ನು ಯಾರೂ ಅಚ್ಚು ಹಾಕಿಸಲಾರರು. ಹಳೆಯದು ಕಂಡರೆ ಒಂದೆರಡು ವರ್ಷ ಸಡಿಲ ಬಿಡಬೇಕು. ಹಳೆಯ ಹೆಸರಿನ ರಟ್ಟು, ಜೆರ್ಸಿ ಮುಗಿಯುವ ತನಕ ಬಳಸುವುದು ಎಲ್ಲ ಕಡೆಯ ರೂಢಿ.

ಆಮೇಲೆ ಚೆಂಡು. ಲೇಸ್ ಹಾಕಿ ಬಿಗಿದ ಚರ್ಮದ ಚೆಂಡು ಹಳೆಯ ಕಾಲದ್ದು. ಕಪ್ಪು-ಬಿಳಿ ತುಂಡುಗಳ 32 ಪಟ್ಟಿಯ ಚೆಂಡು 1970ರ ಮೆಕ್ಸಿಕೊ ವಿಶ್ವಕಪ್‌ನಿಂದ ಮನೆಮಾತಾಯಿತು, ನಮ್ಮಲ್ಲಿನ ಫೋಟೊದಲ್ಲಿ ಅದಿದ್ದರೆ 1970ಕ್ಕಿಂತ ಹಿಂದಿನದಾಗಿರುವ ಸಾಧ್ಯತೆ ತೀರ ಕಡಿಮೆ. ಕಾಲುಗಳನ್ನೂ ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10-1ರಿಂದ ಸೋಲಿಸಿದ ಮೇಲೆ ಬೂಟು ಕಡ್ಡಾಯವಾಯಿತು. ಹಿರಿಯರ ತಂಡ ಬರಿಗಾಲಲ್ಲಿ ನಿಂತಿದ್ದರೆ 1950ರ ದಶಕದ ಮೊದಲರ್ಧದ ಈಚೆಗೆ ಬರುವುದು ಕಷ್ಟ.

ಮೂರು ಕಪ್ಪು ಕಂಡ ಕೂಡಲೇ ಕೆಲವರು ಡ್ಯುರಾಂಡ್ ಕಪ್ ಪಂದ್ಯಾವಳಿ ಎನ್ನುತ್ತಾರೆ, ಅಲ್ಲಿ ಗೆದ್ದವರಿಗೆ ಮೂರು ಟ್ರೋಫಿ ಕೊಡುವುದರಿಂದ. ಆದರೆ ಋತುವಿನ ಕೊನೆಯಲ್ಲಿ ತೆಗೆಸಿದ ಕ್ಲಬ್ ಫೋಟೊದಲ್ಲಿ ಆ ವರ್ಷ ಗೆದ್ದ ಎಲ್ಲವನ್ನೂ ಸಾಲಾಗಿ ಇಡುವುದು ವಾಡಿಕೆ. ನಿಮ್ಮದು ಸಂತೋಷ್ ಟ್ರೋಫಿಯ ತಂಡವಾಗಿದ್ದರೆ ಮೂರು ಕಪ್ಪು ಏಕೆ ಎಂಬುದೇ ಮೊದಲ ಅನುಮಾನ. ಅದು ರಾಜ್ಯ ತಂಡಕ್ಕಿಂತ ಕ್ಲಬ್ಬಿನ ಫೋಟೊ ಇದ್ದಂತೆ ತೋರುತ್ತದೆ.

ಕೊನೆಯ ಪರೀಕ್ಷೆ ಕಾಗದದ್ದು. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಸಣ್ಣ ಟಾರ್ಚನ್ನು ಕತ್ತಲ ಕೋಣೆಯಲ್ಲಿ ಫೋಟೊದ ಹಿಂಬದಿಗೆ ಹಿಡಿಯಿರಿ. ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ ಬೆಳ್ಳಗಾಗಿಸುವ ರಾಸಾಯನಿಕ ಸೇರಿದೆ. ಫೋಟೊ ಕಾಗದಕ್ಕೆ ಅದನ್ನು ಹಾಕತೊಡಗಿದ್ದು 1950ರ ದಶಕದ ನಡುವಿನಿಂದ. ಹೊಳೆದರೆ ಅದು 1946ರಲ್ಲಿ ಮುದ್ರಿಸಿದ ಪ್ರತಿಯಲ್ಲ, ಹೆಚ್ಚೆಂದರೆ ಹಳೆಯ ನೆಗೆಟಿವ್‌ನಿಂದ ಆಮೇಲೆ ಹಾಕಿಸಿದ್ದು. ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ, ಆ ಬಳಿಕವೂ ಹೊಳೆಯದ ಕಾಗದ ಬಂದಿದೆ.

ತಾಳೆ ನೋಡಲು ಅನುಕೂಲವಾಗಲಿ ಎಂದು: ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದದ್ದು 1946-47, 1952-53, 1967-68 ಮತ್ತು 1968-69ರಲ್ಲಿ. ಕರ್ನಾಟಕ ಎಂಬ ಹೆಸರಿನಲ್ಲಿ ಗೆದ್ದದ್ದು 2023ರ ಮಾರ್ಚಿನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ಪ್ರಶ್ನೆ: ಪೆಲೆಯ ತಂಡವನ್ನು ತಡೆದು ನಿಲ್ಲಿಸಿ ಬಂದಿದ್ದ ಮೋಹನ್ ಬಗಾನ್ ತಂಡವನ್ನು ನಮ್ಮ ಐಟಿಐ ಸೋಲಿಸಿತು ಎಂದು ಮಾವನವರು ಹೇಳುತ್ತಿದ್ದರು. ನಿಜವೇ?
— ಓದುಗರು, ಕೃಷ್ಣರಾಜಪುರ

ಉತ್ತರ: ಸೋಲಿಸಿದ್ದು ನಿಜ, ಕ್ರಮ ಹಿಂದುಮುಂದಾಗಿದೆ. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಎರ್ನಾಕುಲಂನಲ್ಲಿ ನಡೆದಾಗ ಫೈನಲ್‌ನಲ್ಲಿ ಐಟಿಐ 1-0ರಿಂದ ಮೋಹನ್ ಬಗಾನನ್ನು ಸೋಲಿಸಿತು. ಪೆಲೆ ನ್ಯೂಯಾರ್ಕ್ ಕಾಸ್ಮೊಸ್ ತಂಡದೊಡನೆ ಕಲ್ಕತ್ತದ ಈಡನ್ ಗಾರ್ಡನ್ಸ್‌ಗೆ ಬಂದದ್ದು ಅದಾದ ಮೇಲೆ, ಸೆಪ್ಟೆಂಬರ್ 24ರಂದು. ಆ ಪಂದ್ಯ 2-2ರಲ್ಲಿ ಮುಗಿಯಿತು. ಎರಡೂ ಒಂದೇ ವರ್ಷದ್ದಾದ್ದರಿಂದ ನೆನಪಿನಲ್ಲಿ ಬೆಸೆದುಕೊಂಡಿವೆ. ಮಾವನವರ ಹೆಮ್ಮೆಗೆ ಇದರಿಂದ ಕಿಂಚಿತ್ತೂ ಊನವಿಲ್ಲ. ಪೆಲೆಗೆ ಸಮನಾಗಿ ನಿಂತ ಕ್ಲಬ್ಬನ್ನು ಅದಕ್ಕೆ ಕೆಲವೇ ತಿಂಗಳು ಮುಂಚೆ ಒಂದು ಟೆಲಿಫೋನ್ ಕಾರ್ಖಾನೆಯ ತಂಡ ಮಣಿಸಿತ್ತು!

ಇಂಥ ಮಾತುಗಳನ್ನು ಹಿರಿಯರಿಂದ ಕೇಳಿ ದಾಖಲಿಸುವಾಗ ‘ಯಾವ ಇಸವಿ’ ಎಂದು ಕೇಳಬೇಡಿ. ಆಗ ಯಾವ ಶಿಫ್ಟು, ಎಷ್ಟನೇ ನಂಬರಿನ ಬಸ್ಸು, ಮಗು ಹುಟ್ಟಿತ್ತೇ, ಮಳೆಯಿತ್ತೇ ಎಂದು ಕೇಳಿ, ಇಸವಿ ತಾನಾಗಿ ಹೊರಬರುತ್ತದೆ. ಬಳಿಕ ಗ್ರಂಥಾಲಯದಲ್ಲಿ ಪತ್ರಿಕೆ ಹುಡುಕುವಾಗ ಪಂದ್ಯದ ಮರುದಿನದ ಸಂಚಿಕೆಯನ್ನಷ್ಟೇ ನೋಡಿ ಕೈಬಿಡಬೇಡಿ. ಹೊರ ಊರಿನ ಸಂಜೆ ಪಂದ್ಯದ ವರದಿ ದೂರದ ಊರುಗಳಿಗೆ ಹೋಗುವ ಆವೃತ್ತಿಯಲ್ಲಿ ಎರಡನೇ ದಿನ ಬಂದಿರಬಹುದು.

ಪ್ರಶ್ನೆ: 1980ರ ದಶಕದಲ್ಲಿ ಆಕಾಶವಾಣಿಯ ಫುಟ್‌ಬಾಲ್ ವೀಕ್ಷಕ ವಿವರಣೆ ಮುದ್ರಿಸಿಕೊಂಡ ಕ್ಯಾಸೆಟ್ ಇದೆ. ಹಾಕಿದರೆ ಕೀರಲು ಸದ್ದು ಬಂದು ನಿಂತುಹೋಗುತ್ತದೆ.
— ಓದುಗರು, ಮೈಸೂರು

ಉತ್ತರ: ಮತ್ತೆ ಹಾಕಬೇಡಿ, ಟೇಪು ಸಿಕ್ಕಿಕೊಂಡು ಸುಕ್ಕಾದರೆ ಆ ಭಾಗ ಹೋದಂತೆಯೇ. ಮೊದಲು ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿಯಿರಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಬಿಳಿ ಪುಡಿ ಕಂಡರೆ ಬೂಷ್ಟು, ಅದನ್ನು ತಿಳಿದವರ ಕೈಗೆ ಕೊಡಿ. ಇಲ್ಲದಿದ್ದರೆ ಟೇಪು ಹಾಯುವ ಬಾಯಿಯ ನಡುವೆ ತಾಮ್ರದ ಪಟ್ಟಿಯ ಮೇಲೆ ಸಣ್ಣ ಸ್ಪಂಜಿನ ತುಂಡು ಇದೆಯೇ ನೋಡಿ. ಅಂಟು ಒಣಗಿ ಅದು ಬಿದ್ದಿದ್ದರೆ ಧ್ವನಿ ಮಂಕಾಗಿ, ಏರಿಳಿಯುತ್ತದೆ.

ಕೀರಲು ಸದ್ದಿಗೆ ಹಲವು ಸಲ ಹಳೆಯ ಕವಚವೇ ಕಾರಣ: ಒಳಗಿನ ಜಾರುಹಾಳೆ ಸೊಟ್ಟಗಾಗಿ ಸುರುಳಿಯನ್ನು ಹಿಡಿಯುತ್ತದೆ. ಐದು ಸ್ಕ್ರೂ ಇರುವ ಒಂದು ಖಾಲಿ ಕ್ಯಾಸೆಟ್ ಬಿಚ್ಚಿ, ನಿಮ್ಮ ಟೇಪಿನ ಎರಡೂ ಸುರುಳಿಗಳನ್ನು ಅದರೊಳಗೆ ಅದೇ ದಿಕ್ಕಿನಲ್ಲಿ ಕೂರಿಸಿ ಮುಚ್ಚಿ. ನಿಮ್ಮದು ಸ್ಕ್ರೂ ಇಲ್ಲದೆ ಬೆಸೆದ ಕವಚವಾದರೆ ಅಂಚಿನ ಗೆರೆಯಲ್ಲಿ ನಿಧಾನ ಸೀಳಬೇಕು. ಕ್ಯಾಸೆಟ್ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ ಮತ್ತು ರಬ್ಬರ್ ಉರುಳೆಯನ್ನು ಹತ್ತಿಕಡ್ಡಿಯಿಂದ ಒರೆಸಿ, ಹೆಡ್‌ಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ರಬ್ಬರಿಗೆ ಸ್ವಲ್ಪ ಸಾಬೂನು ನೀರು ಸಾಕು. ಟೇಪನ್ನು ಒಮ್ಮೆ ಕೊನೆಯ ತನಕ ಸುತ್ತಿಸಿ, ಹಿಂದಕ್ಕೆ ತಂದು, ಆಮೇಲೆ ಕಂಪ್ಯೂಟರಿನ ಲೈನ್-ಇನ್‌ಗೆ ಜೋಡಿಸಿ ವೇವ್ ಕಡತವಾಗಿ 48 ಕಿಲೊಹರ್ಟ್ಜ್‌ನಲ್ಲಿ ಮುದ್ರಿಸಿಕೊಳ್ಳಿ. ಅತಿ ಜೋರಿನ ಸದ್ದು ಮೈನಸ್ 6 ಡೆಸಿಬೆಲ್ ಮುಟ್ಟುವಷ್ಟು ಮಟ್ಟ ಇರಲಿ. ಸದ್ದು ತೆಗೆಯುವ ಫಿಲ್ಟರ್‌ಗಳನ್ನು ಮೂಲ ಪ್ರತಿಯ ಮೇಲೆ ಹಾಕಬೇಡಿ. ಗೋಲಾದಾಗಿನ ಜನರ ಕೂಗನ್ನು ಅವು ಗದ್ದಲವೆಂದೇ ತಿಳಿದು ತಿಂದುಹಾಕುತ್ತವೆ.

ಪ್ರಶ್ನೆ: ಚಿಕ್ಕಪ್ಪ ಲಿವರ್‌ಪೂಲ್ ಅಭಿಮಾನಿ. ಬಿಬಿಸಿ ಶಾರ್ಟ್‌ವೇವ್ ಕೇಳಿ ಡೈರಿಯಲ್ಲಿ ಫಲಿತಾಂಶ ಬರೆದಿದ್ದಾರೆ. ಕೆಲವು ಪಂದ್ಯ ಸಂಜೆ 7.30ಕ್ಕೆ ಶುರು, ಕೆಲವು 8.30ಕ್ಕೆ. ತಪ್ಪಾಗಿದೆಯೇ?
— ಓದುಗರು, ಮಂಗಳೂರು

ಉತ್ತರ: ತಪ್ಪಿಲ್ಲ. ಆಗ ಇಂಗ್ಲೆಂಡಿನಲ್ಲಿ ಶನಿವಾರದ ಪಂದ್ಯ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ನಮಗೆ 7.30. ಅಕ್ಟೋಬರ್ ಕೊನೆಯ ಹೊತ್ತಿಗೆ ಹಿಂದಿಟ್ಟ ಮೇಲೆ 8.30. ತಾರೀಖು ಮಾಸಿದ ಪುಟವನ್ನು ಋತುವಿನ ಯಾವ ಭಾಗದ್ದೆಂದು ಗುರುತಿಸಲು ಇದು ಒಳ್ಳೆಯ ಸುಳಿವು. 1968ರಿಂದ 1971ರ ಅಕ್ಟೋಬರ್ ತನಕ ಮಾತ್ರ ಅಲ್ಲಿ ಚಳಿಗಾಲದಲ್ಲೂ ಗಡಿಯಾರ ಹಿಂದಿಡಲಿಲ್ಲ, ಆ ಚಳಿಗಾಲಗಳ ಪುಟದಲ್ಲೂ 7.30 ಇದ್ದರೆ ಅದೇ ಸರಿ. ಡೈರಿಯಲ್ಲಿ ಅಂಕಪಟ್ಟಿಯೂ ಇದ್ದರೆ ಇನ್ನೆರಡು ಗುರುತು: ಗೋಲುಗಳ ಸರಾಸರಿಯ ಬದಲು ಗೋಲುಗಳ ಅಂತರ ಲೆಕ್ಕಕ್ಕೆ ಬಂದದ್ದು 1976-77ರಲ್ಲಿ, ಗೆಲುವಿಗೆ ಎರಡರ ಬದಲು ಮೂರು ಅಂಕ 1981-82ರಲ್ಲಿ.

ಪ್ರಶ್ನೆ: 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ಬೆಂಗಳೂರಿನ ತಂಡ ಯಾವುದು? ಲಂಡನ್ ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದವರು ನಮ್ಮೂರಿನವರೇ?
— ಓದುಗರು, ಶಿವಾಜಿನಗರ

ಉತ್ತರ: ಬೆಂಗಳೂರು ಮುಸ್ಲಿಮ್ಸ್. ಅಲ್ಲಿಯ ತನಕ ಬ್ರಿಟಿಷ್ ಸೈನ್ಯದ ತಂಡಗಳ ಕೈಯಲ್ಲೇ ಇದ್ದ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. 1938 ಮತ್ತು 1948ರಲ್ಲೂ ಗೆದ್ದಿತು. 31 ಜುಲೈ 1948ರಂದು ಫ್ರಾನ್ಸ್ ವಿರುದ್ಧ 1-2ರಲ್ಲಿ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಸಾರಂಗಪಾಣಿ ರಾಮನ್, ಹೌದು, ಬೆಂಗಳೂರಿನವರು.

ಪ್ರಶ್ನೆ: ಲೇಸ್ ಇರುವ ಹಳೆಯ ಚರ್ಮದ ಚೆಂಡು ಚಪ್ಪಟೆಯಾಗಿದೆ. ಎಣ್ಣೆ ಹಚ್ಚಿ ಗಾಳಿ ತುಂಬಬಹುದೇ?
— ಓದುಗರು, ಕೆಜಿಎಫ್

ಉತ್ತರ: ಎರಡೂ ಬೇಡ. ಒಳಗಿನ ರಬ್ಬರ್ ಬ್ಲಾಡರ್ ಇಷ್ಟು ಹೊತ್ತಿಗೆ ಒಣಗಿ ಬಿರಿದಿರುತ್ತದೆ. ಹೊಸ ಬ್ಲಾಡರ್ ಹಾಕಿ ಬಿಗಿಯಾಗಿ ಗಾಳಿ ತುಂಬಿದರೆ ಚರ್ಮ ತಡೆದುಕೊಂಡರೂ ಕೊಳೆತ ಹೊಲಿಗೆದಾರ ತಡೆಯುವುದಿಲ್ಲ. ಎಣ್ಣೆ ಚರ್ಮವನ್ನು ಕಪ್ಪಾಗಿಸುತ್ತದೆ, ಧೂಳು ಹಿಡಿಸುತ್ತದೆ, ಕೆಲವು ವರ್ಷಕ್ಕೆ ಬಿಳಿ ಮೇಣದಂತೆ ಹೊರಗೆ ಒಸರುತ್ತದೆ. ಒಣ ಮೆತ್ತನೆಯ ಬ್ರಶ್‌ನಿಂದ ಧೂಳು ತೆಗೆಯಿರಿ. ಲೇಸ್ ಸಡಿಲಿಸಲು ಬಂದರೆ ಸಡಿಲಿಸಿ, ಎಳೆದರೆ ತುಂಡಾಗುವಂತಿದ್ದರೆ ಹಾಗೇ ಬಿಡಿ. ತೆರೆದ ಬಾಯಿಯಿಂದ ತೊಳೆದು ಒಣಗಿಸಿದ, ಬಣ್ಣ ಬಿಡದ ಹಳೆಯ ಹತ್ತಿ ಬಟ್ಟೆಯ ಸಣ್ಣ ತುಂಡುಗಳನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತುಂಬುತ್ತ ಬನ್ನಿ. ಒಂದೇ ದಿನ ಪೂರ್ತಿ ದುಂಡಗೆ ಮಾಡಲು ಹೋಗಬೇಡಿ, ಒಣ ಚರ್ಮ ಮಡಿಕೆಯಲ್ಲೇ ಸೀಳುತ್ತದೆ. ಮುಕ್ಕಾಲು ದುಂಡಗಾದರೆ ಸಾಕು. ಕಪಾಟಿನಲ್ಲಿ ಬಟ್ಟೆಯ ಸಿಂಬೆಯ ಮೇಲೆ ಕೂರಿಸಿ, ಮೂರು ತಿಂಗಳಿಗೊಮ್ಮೆ ಒಂದಿಷ್ಟು ತಿರುಗಿಸಿ ಇಡಿ. ಕೆಂಪು ಪುಡಿ ಕೈಗೆ ಹತ್ತುತ್ತಿದ್ದರೆ ಚರ್ಮವೇ ಕೊಳೆಯುತ್ತಿದೆ, ಅಂಥ ಚೆಂಡಿಗೆ ಏನನ್ನೂ ತುಂಬದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ.